ಮೂರು ಚುಚ್ಚು, ಸಾವಿರ ಮರಿ: ವಿಜಯಪುರದ ಇಲಿಕೋಣೆಯಲ್ಲಿ ಇಎನ್‌ಯು ಕೆಲಸ

ಇಲಿಯ ಜೀನುಗಳನ್ನು ರಾಸಾಯನಿಕದಿಂದ ಅಲ್ಲಲ್ಲಿ ಕೆಡಿಸಿ, ಮರಿಗಳಲ್ಲಿ ಏನು ಬದಲಾಯಿತೆಂದು ನೋಡಿ, ಯಾವ ಜೀನ್ ಯಾವ ಕೆಲಸಕ್ಕೆ ಎಂದು ಹುಡುಕುವುದು ನಮ್ಮ ಕೆಲಸ. ವಿಜಯಪುರದಲ್ಲಿ ಇದಕ್ಕೆ ಕೈ ಹಾಕುವವರು ಮೊದಲು ಕ್ಯಾಲೆಂಡರ್ ನೋಡಬೇಕು. ಎಥೈಲ್‌ನೈಟ್ರೋಸೋಯೂರಿಯಾ ಎಂಬ ರಾಸಾಯನಿಕವನ್ನು (ಎಲ್ಲರೂ ಇಎನ್‌ಯು ಎಂದೇ ಕರೆಯುತ್ತಾರೆ) ಗಂಡು ಸುಂಡಿಲಿಗೆ ಚುಚ್ಚಿದರೆ ಅದಕ್ಕೆ 10ರಿಂದ 12 ವಾರ ಮರಿ ಹುಟ್ಟಿಸುವ ಶಕ್ತಿ ಇರುವುದಿಲ್ಲ. ಫೆಬ್ರುವರಿಯಲ್ಲಿ ಚುಚ್ಚಿದಿರೋ, ಶಕ್ತಿ ಮರಳುವ ಹೊತ್ತಿಗೆ ಮೇ ತಿಂಗಳು. ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಂದು ಮಧ್ಯಾಹ್ನ ಕರೆಂಟು ಹೋಗಿ ಜನರೇಟರು ಕೈಕೊಟ್ಟರೆ ಸಾಕು, ಕೋಣೆ 32ಕ್ಕೆ ಏರುತ್ತದೆ. ಸೆಕೆಗೂ ಗಂಡಿಲಿಯ ವೀರ್ಯ ಕೆಡುತ್ತದೆ. ಆಗ ಇಲಿ ಬರಡಾಗಿರುವುದು ಔಷಧದಿಂದಲೋ ಸೆಕೆಯಿಂದಲೋ ಎಂದು ಯಾರೂ ಹೇಳಲಾರರು. ಅದಕ್ಕೇ ನಾವು ಚುಚ್ಚುವುದು ಜೂನ್‌ನಲ್ಲಿ. ಮಳೆ ಬಿದ್ದು ಕೋಣೆ 22–24ರಲ್ಲಿ ನಿಂತ ಮೇಲೆ ಶುರು ಮಾಡಿದರೆ ಸೆಪ್ಟೆಂಬರ್ ಮಧ್ಯಕ್ಕೆ ಗಂಡುಗಳು ಮರಳುತ್ತವೆ. ಪ್ರಾಣಿ ಪ್ರಯೋಗಗಳ ಕೇಂದ್ರ ಸಮಿತಿಯ ಮಾರ್ಗಸೂಚಿ 18ರಿಂದ 29 ಡಿಗ್ರಿವರೆಗೆ ಒಪ್ಪುತ್ತದೆ. ಇಲಿ ಬದುಕಿರಲು ಅಷ್ಟು ಸಾಕು, ಈ ಕೆಲಸಕ್ಕೆ ಸಾಲದು.

ಇಎನ್‌ಯುವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. 1979ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ವಿಲಿಯಂ ರಸೆಲ್ ಮತ್ತು ಸಂಗಡಿಗರು ಇಲಿಯಲ್ಲಿ ಇಷ್ಟು ಬಲವಾಗಿ ಮ್ಯುಟೇಶನ್ (ಡಿಎನ್‌ಎಯಲ್ಲಿ ಬದಲಾವಣೆ) ಮಾಡುವ ರಾಸಾಯನಿಕ ಮತ್ತೊಂದಿಲ್ಲ ಎಂದು ತೋರಿಸಿದರು. ಅದು ವೀರ್ಯದ ಮೂಲಕೋಶಗಳ ಡಿಎನ್‌ಎ ಅಕ್ಷರಗಳಿಗೆ ಒಂದು ಈಥೈಲ್ ಗುಂಪನ್ನು ಅಂಟಿಸುತ್ತದೆ. ಕೋಶ ವಿಭಜನೆಯಾಗುವಾಗ ಆ ಜಾಗದಲ್ಲಿ ತಪ್ಪು ಅಕ್ಷರ ಕೂರುತ್ತದೆ. ಹೆಚ್ಚಾಗಿ ಹೀಗೆ ಕೆಡುವುದು ಎ-ಟಿ ಜೋಡಿ. ಒಳ್ಳೆಯ ಡೋಸು ಬಿದ್ದಿದ್ದರೆ 10ರಿಂದ 15 ಲಕ್ಷ ಅಕ್ಷರಗಳಿಗೆ ಒಂದು ಬದಲಾವಣೆ ಸಿಗುತ್ತದೆ. ಇಲಿಯ ಜೀನೋಮು ಸುಮಾರು 270 ಕೋಟಿ ಅಕ್ಷರ, ಹಾಗಾಗಿ ಪ್ರತಿ ಮರಿಯೂ ಸುಮಾರು ಎರಡು ಸಾವಿರ ಹೊಸ ಬದಲಾವಣೆ ಹೊತ್ತು ಹುಟ್ಟುತ್ತದೆ. ಪ್ರೊಟೀನ್ ಬರೆಯುವ ಭಾಗದಲ್ಲಿ ಬೀಳುವುದು ಇವುಗಳಲ್ಲಿ ಒಂದೆರಡು ಡಜನ್ ಮಾತ್ರ.

ಜೀನನ್ನು ಪೂರ್ತಿ ಕಿತ್ತುಹಾಕುವ ನಾಕ್‌ಔಟ್ ಇರುವಾಗ ಈ ಹಳೆಯ ದಾರಿ ಯಾಕೆ ಎಂದು ಕೇಳುವವರಿಗೆ ನಾವು ಕೊಡುವ ಉತ್ತರ ದೇಹದ ದಿನದ ಗಡಿಯಾರಕ್ಕೆ ಸೇರಿದ ಕ್ಲಾಕ್ ಜೀನಿನದು. 1994ರಲ್ಲಿ ಜೋಸೆಫ್ ತಕಹಾಶಿಯವರ ತಂಡ ಇಎನ್‌ಯು ಹಾಕಿದ ಗಂಡುಗಳ 304 ಮರಿಗಳನ್ನು ಕತ್ತಲಲ್ಲಿಟ್ಟು, ಅವು ಚಕ್ರ ಓಡುವ ಹೊತ್ತನ್ನು ಅಳೆಯಿತು. ಸಾಮಾನ್ಯ ಇಲಿಯ ದಿನ 23.7 ಗಂಟೆ. ಒಂದೇ ಒಂದು ಇಲಿಯ ದಿನ 24.8 ಗಂಟೆ. ಒಂದು ಎ ಅಕ್ಷರ ಟಿ ಆಗಿ ಒಂದು ಎಕ್ಸಾನ್ (ಪ್ರೊಟೀನ್ ಬರೆಯುವ ತುಂಡು) ಬಿಟ್ಟುಹೋಗಿ, ಪ್ರೊಟೀನಿನಲ್ಲಿ 51 ಅಮೈನೋ ಆಮ್ಲ ಕಡಿಮೆಯಾಗಿತ್ತು. ಮುಂದೆ 2006ರಲ್ಲಿ ಅದೇ ಜೀನನ್ನು ಪೂರ್ತಿ ತೆಗೆದಾಗ ಇಲಿಯ ಗಡಿಯಾರ ಕತ್ತಲಲ್ಲೂ ನಡೆಯುತ್ತಲೇ ಇತ್ತು! ನಾಕ್‌ಔಟ್ ಮೊದಲು ಬಂದಿದ್ದರೆ ಈ ಜೀನನ್ನು ಪಕ್ಕಕ್ಕಿಟ್ಟುಬಿಡುತ್ತಿದ್ದರೇನೋ. ನರಕೋಶದೊಳಗೆ ಸರಕು ಸಾಗಿಸುವ ಡೈನೀನ್ ಪ್ರೊಟೀನಿನದು ಇದರ ಇನ್ನೊಂದು ಮಗ್ಗುಲು. ಅದನ್ನು ಪೂರ್ತಿ ತೆಗೆದರೆ ಭ್ರೂಣವೇ ಸಾಯುತ್ತದೆ. ಇಎನ್‌ಯುವಿನಿಂದ ಅದರಲ್ಲಿ ಒಂದು ಅಕ್ಷರ ಕೆಟ್ಟ ಇಲಿ ಬದುಕುತ್ತದೆ, ಬಾಲ ಹಿಡಿದು ಎತ್ತಿದರೆ ಹಿಂಗಾಲು ಮುರುಟಿಕೊಳ್ಳುತ್ತದೆ.

ತಳಿಯ ಆಯ್ಕೆಯಲ್ಲಿ ನಮ್ಮ ಕಡೆ ಆಗುವ ತಪ್ಪು ಒಂದೇ. ಸುತ್ತಮುತ್ತಲ ಪ್ರಾಣಿಕೋಣೆಗಳಲ್ಲಿ ಬೇಗ ಸಿಗುವುದು ಸ್ವಿಸ್ ಆಲ್ಬಿನೋ. ಅದು ಬೆರಕೆ ಸಂತಾನ, ಒಂದರಂತೆ ಇನ್ನೊಂದಿಲ್ಲ. ಅದರ ಮರಿ ವಿಚಿತ್ರವಾಗಿ ನಡೆದರೆ ಅಜ್ಜನ ಗುಣವೋ ಇಎನ್‌ಯು ಗುಣವೋ ಗೊತ್ತಾಗುವುದಿಲ್ಲ. ನಮಗೆ ಬೇಕಾದದ್ದು ಒಳಸಂತಾನದ ತಳಿ, ಸಿ57ಬಿಎಲ್/6ಜೆ. ಕೊನೆಯ ‘ಜೆ’ ಅಕ್ಷರ ಮುಖ್ಯ. ಅದರ ದಾಯಾದಿ ‘ಎನ್’ ತಳಿಯ ಕಣ್ಣಿನ ಪರದೆಯಲ್ಲಿ ಮೊದಲೇ ಒಂದು ದೋಷವಿದೆ. ಎರಡನ್ನೂ ಒಂದೇ ಹೆಸರಿನಲ್ಲಿ ಕಳಿಸುವವರಿದ್ದಾರೆ, ಬಂದ ಕೂಡಲೇ ಬಾಲದ ತುದಿಯ ಡಿಎನ್‌ಎಯಲ್ಲಿ ಪಿಸಿಆರ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು.

ಔಷಧ ತಯಾರಿಯ ದಿನ ಕೋಣೆಯಲ್ಲಿ ಇಬ್ಬರೇ ಇರುತ್ತೇವೆ. ಇಎನ್‌ಯು ಕ್ಯಾನ್ಸರ್ ತರುವ, ಗರ್ಭದ ಮಗುವಿಗೂ ತಟ್ಟುವ ವಸ್ತು. ಬಸುರಿಯಾದವರು, ಆಗಬೇಕೆಂದಿರುವವರು ಆ ವಾರ ಆ ಕಡೆ ಬರುವುದೇ ಇಲ್ಲ. ಎರಡು ಪದರ ನೈಟ್ರೈಲ್ ಕೈಗವಸು, ಬಿಸಾಡುವ ಗೌನು, ಮಾಸ್ಕು ಹಾಕಿಕೊಂಡು ಎಲ್ಲವನ್ನೂ ವಿಷದ ಹಬೆಯನ್ನು ಹೊರಕ್ಕೆಳೆಯುವ ಫ್ಯೂಮ್ ಹುಡ್ ಒಳಗೇ ಮಾಡುತ್ತೇವೆ. ಬಫರನ್ನು (ಪಿಎಚ್ ಕದಲದಂತೆ ಹಿಡಿಯುವ ದ್ರಾವಣ) ಹಿಂದಿನ ದಿನವೇ ಮಾಡಿಡಬಹುದು: ಲೀಟರಿಗೆ ಡೈಸೋಡಿಯಂ ಫಾಸ್ಫೇಟ್ 14.2 ಗ್ರಾಂ (ನೀರಿನಂಶವಿಲ್ಲದ್ದು), ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 14.7 ಗ್ರಾಂ, ಆಮೇಲೆ ಫಾಸ್ಫಾರಿಕ್ ಆಮ್ಲ ಹನಿಹನಿಯಾಗಿ ಬಿಟ್ಟು ಪಿಎಚ್ 5.0. ಈ 5.0ರಲ್ಲಿ ಉದಾಸೀನ ಬೇಡ. ಆಮ್ಲದಲ್ಲಿ ಇಎನ್‌ಯು ಗಂಟೆಗಟ್ಟಲೆ ತಾಳುತ್ತದೆ, ಪಿಎಚ್ 8 ದಾಟಿದರೆ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಇಲ್ಲಿಯ ಬೋರಿನ ನೀರು ಗಡಸು, ಕ್ಷಾರದ ಕಡೆಗೆ ವಾಲಿರುತ್ತದೆ. ಅದನ್ನು ಬಟ್ಟಿ ಇಳಿಸದೆ ಬಫರಿಗೆ ಮುಟ್ಟಿಸುವಂತಿಲ್ಲ.

ಇಎನ್‌ಯು ಮುಚ್ಚಿದ ಬಾಟಲಿಯಲ್ಲಿ ಸುಮಾರು 1 ಗ್ರಾಂ ಬರುತ್ತದೆ, ಮೈನಸ್ 20ರಲ್ಲಿ ಇಟ್ಟಿರುತ್ತೇವೆ. ಮುಚ್ಚಳ ಬಿಚ್ಚುವುದಿಲ್ಲ. ಗಾಳಿ ಹೋಗಲು ರಬ್ಬರಿಗೆ ಒಂದು ಸೂಜಿ ಚುಚ್ಚಿ, ಇನ್ನೊಂದು ಸೂಜಿಯಿಂದ 95 ಶೇಕಡಾ ಎಥನಾಲ್ 10 ಮಿ.ಲೀ. ಒಳಬಿಟ್ಟು, ತಿರುವಿ ತಿರುವಿ ಕರಗಿಸುತ್ತೇವೆ. ಹಳದಿ ದ್ರಾವಣ ತಿಳಿಯಾದ ಮೇಲೆ 90 ಮಿ.ಲೀ. ಬಫರ್. ಬೆಳಕು ತಾಗದಂತೆ ಫಾಯಿಲ್ ಸುತ್ತಬೇಕು. ಬಾಟಲಿಯ ಮೇಲೆ 1 ಗ್ರಾಂ ಎಂದಿದ್ದರೂ ಒಳಗೆ ಅಷ್ಟೇ ಇರುತ್ತದೆ ಎಂದು ನಂಬಬೇಡಿ. ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 398 ನ್ಯಾನೋಮೀಟರಿಗೆ ಇಟ್ಟರೆ ಮಿ.ಲೀ.ಗೆ 1 ಮಿಲಿಗ್ರಾಂ ದ್ರಾವಣ 0.72 ತೋರಿಸುತ್ತದೆ. ನಮ್ಮದನ್ನು ಹತ್ತು ಪಟ್ಟು ತೆಳುಮಾಡಿ ಅಳೆದಾಗ 0.61 ಬಂತೆನ್ನಿ. 0.61 ಭಾಗಿಸು 0.72, ಗುಣಿಸು 10. ಅಂದರೆ ಮಿ.ಲೀ.ಗೆ 8.5 ಮಿಲಿಗ್ರಾಂ, 10 ಅಲ್ಲ. ಕಿಲೋ ತೂಕಕ್ಕೆ 90 ಮಿಲಿಗ್ರಾಂ ಲೆಕ್ಕದಲ್ಲಿ 25 ಗ್ರಾಂ ಇಲಿಗೆ 2.25 ಮಿಲಿಗ್ರಾಂ ಬೇಕು, ಹಾಗಾಗಿ ಸಿರಿಂಜಿನಲ್ಲಿ ಎಳೆಯಬೇಕಾದದ್ದು 0.265 ಮಿ.ಲೀ. ಅಳೆಯದೆ 0.225 ಎಳೆದಿದ್ದರೆ ಇಲಿಗೆ ಬೀಳುತ್ತಿದ್ದದ್ದು ಕಿಲೋಗೆ 76 ಮಿಲಿಗ್ರಾಂ ಡೋಸು. ಮೂರು ವಾರವೂ ಹೀಗಾದರೆ ಒಂದು ವರ್ಷದ ಕೆಲಸ ತೆಳುವಾಗುತ್ತದೆ, ಅದೂ ವರ್ಷ ಕಳೆದ ಮೇಲೆ ತಿಳಿಯುತ್ತದೆ.

ಚುಚ್ಚುವುದು 8ರಿಂದ 10 ವಾರದ ಗಂಡುಗಳಿಗೆ, ಹೊಟ್ಟೆಯೊಳಕ್ಕೆ, ವಾರಕ್ಕೊಂದರಂತೆ ಮೂರು ಸಲ. ಒಂದೇ ಸಲ ದೊಡ್ಡ ಡೋಸು ಕೊಟ್ಟರೆ ಇಲಿಗಳು ಸಾಯುವುದೇ ಹೆಚ್ಚು. ಹಂಚಿ ಕೊಟ್ಟರೆ ಬದುಕುತ್ತವೆ, ಮ್ಯುಟೇಶನ್ನೂ ಜಾಸ್ತಿ ಸಿಗುತ್ತವೆ. ಪ್ರತಿ ಸಲವೂ ಪ್ರತಿ ಇಲಿಯನ್ನೂ ಹೊಸದಾಗಿ ತೂಗುತ್ತೇವೆ. ಒಂದು ಡೋಸು ಎಲ್ಲ ಕಡೆ ಹೊಂದುವುದಿಲ್ಲ, ಅದಕ್ಕೆ 80, 90, 100 ಎಂದು ಮೂರು ಗುಂಪು ಮಾಡಿ, ಬಫರು-ಎಥನಾಲ್ ಮಾತ್ರ ಚುಚ್ಚಿದ ಐದು ಗಂಡುಗಳನ್ನು ಪಕ್ಕದಲ್ಲಿ ಇಡುತ್ತೇವೆ. ಬರಡುತನ ಸೆಕೆಯದೋ ಔಷಧದ್ದೋ ಎಂದು ಹೇಳುವವು ಈ ಐದೇ. ಚುಚ್ಚಿದ ಅರ್ಧ ಗಂಟೆ ಇಲಿಗಳು ತೂರಾಡುತ್ತವೆ. ಗಾಬರಿ ಬೇಡ, ಅದು ಎಥನಾಲ್ ಅಮಲು.

ಮೊದಲ 24 ಗಂಟೆ ಕೇಜುಗಳು ಹುಡ್ ಒಳಗೇ ಇರುತ್ತವೆ, ಆ ಬೆಡ್ಡಿಂಗ್ ಅಪಾಯದ ಕಸ. ಉಳಿದ ದ್ರಾವಣ, ಸೂಜಿ, ಕೈಗವಸು ಎಲ್ಲ 0.1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಒಂದು ದಿನ, ಅದೂ ಹುಡ್ ಒಳಗೆ, ಬಾಯಿ ಬಿಗಿಯದ ಪಾತ್ರೆಯಲ್ಲಿ. ಬೇಗ ಮುಗಿಯಲೆಂದು ಗಟ್ಟಿ ಕ್ಷಾರ ಸುರಿಯುವ ಬುದ್ಧಿವಂತಿಕೆ ಬೇಡ. ಇಎನ್‌ಯು ಗಟ್ಟಿ ಕ್ಷಾರಕ್ಕೆ ಸೇರಿದರೆ ಡಯಾಜೋಈಥೇನ್ ಎಂಬ ವಿಷಾನಿಲ ಏಳುತ್ತದೆ, ಸಿಡಿಯಲೂಬಹುದು.

ಆಮೇಲೆ ಕಾಯುವುದು. ಕಡೆಯ ಚುಚ್ಚಿನಿಂದ ಎಂಟನೇ ವಾರದಿಂದ ಪ್ರತಿ ಗಂಡಿಗೂ ಒಂದು ಹೆಣ್ಣು ಬಿಟ್ಟು ನೋಡುತ್ತೇವೆ. ಎಂಟನೇ ವಾರದಲ್ಲೇ ಹೆಣ್ಣನ್ನು ಬಸಿರು ಮಾಡುವ ಗಂಡನ್ನು ಕಂಡು ಖುಷಿಪಡುವ ಹಾಗಿಲ್ಲ. ಅದಕ್ಕೆ ಡೋಸು ಸರಿಯಾಗಿ ತಟ್ಟಿಲ್ಲ ಎಂದೇ ಅರ್ಥ, ಅದನ್ನು ಬಿಡುತ್ತೇವೆ. 12 ವಾರಕ್ಕೆ ಮರಳಿದ್ದೇ ಒಳ್ಳೆಯದು. ಕೆಲವು ಎಂದೂ ಮರಳುವುದಿಲ್ಲ, ಕೆಲವು ಗೆಡ್ಡೆ ಎದ್ದು ಸಾಯುತ್ತವೆ, ನರಳುವುದು ಕಂಡ ಕೂಡಲೇ ದಯಾಮರಣ ಕೊಡುತ್ತೇವೆ. ಒಂದೇ ಗಂಡಿನಿಂದ 50ಕ್ಕಿಂತ ಹೆಚ್ಚು ಮರಿ ತೆಗೆಯುವುದಿಲ್ಲ. ವಿಷಕ್ಕೆ ತಾಳಿಕೊಂಡ ಮೂಲಕೋಶಗಳು ಬೆರಳೆಣಿಕೆಯಷ್ಟೇ, ಇಡೀ ವೃಷಣವನ್ನು ಮತ್ತೆ ತುಂಬುವವು ಅವೇ. ಮರಿ ಹೆಚ್ಚಿದಷ್ಟೂ ಅದೇ ಮ್ಯುಟೇಶನ್ ಮತ್ತೆ ಮತ್ತೆ ಕೈಗೆ ಬರುತ್ತದೆ.

ಮೂರು ಚುಚ್ಚಿನ ಕೆಲಸ ಇಲ್ಲಿಗೆ ಮುಗಿಯಿತು, ಉಳಿದದ್ದೆಲ್ಲ ಸಾಕಣೆ ಮತ್ತು ಲೆಕ್ಕ. ಗುಣ ಪ್ರಬಲವಾಗಿದ್ದರೆ ಚುಚ್ಚಿದ ಗಂಡಿನ ಮಕ್ಕಳಲ್ಲೇ, ಅಂದರೆ ಜಿ1ರಲ್ಲೇ, ಕಾಣುತ್ತದೆ. ನರಮಂಡಲದ ಎಷ್ಟೋ ಗುಣಗಳು ದುರ್ಬಲ, ಜೀನಿನ ಎರಡೂ ಪ್ರತಿ ಕೆಟ್ಟರೆ ಮಾತ್ರ ತೋರುತ್ತವೆ. ಅದಕ್ಕೆ ಜಿ1 ಗಂಡನ್ನು ಸಾಮಾನ್ಯ ಹೆಣ್ಣಿಗೆ ಕೂಡಿಸಿ ಜಿ2 ಹೆಣ್ಣುಮಕ್ಕಳನ್ನು ಪಡೆದು, ಅವನ್ನು ತಂದೆಗೇ ಕೂಡಿಸಿ ಜಿ3 ಮರಿ ತೆಗೆಯಬೇಕು. ಮಗಳು ಕೆಟ್ಟ ಪ್ರತಿಯನ್ನು ಹೊತ್ತಿರುವ ಸಂಭವ ಅರ್ಧ, ಹೊತ್ತಿದ್ದರೆ ಮರಿಗೆ ಎರಡೂ ಪ್ರತಿ ಬರುವ ಸಂಭವ ಕಾಲು, ಒಟ್ಟು ಎಂಟಕ್ಕೆ ಒಂದು. ಮೂರು ಹೆಣ್ಣುಮಕ್ಕಳಿಂದ ತಲಾ 8 ಮರಿ ನೋಡಿದರೆ ಗುಣ ಕಣ್ತಪ್ಪುವ ಸಂಭವ ಶೇ 17. ಆರು ಹೆಣ್ಣುಮಕ್ಕಳಾದರೆ ಶೇ 3ಕ್ಕೂ ಕಡಿಮೆ. ಆರು ಎಂದರೆ ಒಂದು ವಂಶಾವಳಿಗೆ 48 ಮರಿ, 20 ವಂಶಾವಳಿಗೆ 960 ಮರಿ, ಕೇಜಿಗೆ ಐದರಂತೆ 192 ಕೇಜು. ದಿನಕ್ಕೆ ನಾಲ್ಕೈದು ಕಿಲೋ ಮೇವು. ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಕೊಡುವ ಬಿ ನಮೂನೆಯಲ್ಲಿ ‘ಇಷ್ಟು ಪ್ರಾಣಿ ಯಾಕೆ’ ಎಂಬ ಕಾಲಂ ಇದೆ. ಅಲ್ಲಿ ಈ ಲೆಕ್ಕವನ್ನೇ ಬರೆಯಬೇಕು. ‘ಅಗತ್ಯಕ್ಕೆ ತಕ್ಕಂತೆ’ ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ, ಬರಬೇಕಾದದ್ದೇ.

ಹಾಸಿಗೆಗೆ ಭತ್ತದ ಹೊಟ್ಟಿಗಿಂತ ಕಾಳು ಬಿಡಿಸಿದ ಗೋವಿನಜೋಳದ ದಿಂಡಿನ ಪುಡಿ ಮೇಲು, ಧೂಳು ಕಡಿಮೆ. ಬಾಗಲಕೋಟೆ, ಬೆಳಗಾವಿ ಕಡೆಯಿಂದ ಬೇಕಾದಷ್ಟು ಬರುತ್ತದೆ, ಆದರೆ ಆಟೋಕ್ಲೇವ್ ಮಾಡಿ ಪೂರ್ತಿ ಆರಿಸದಿದ್ದರೆ ಮೂರೇ ದಿನಕ್ಕೆ ಬೂಷ್ಟು. ಇನ್ನೊಂದು ಕಾಟ ಸದ್ದಿನದು. ಗಣಪತಿ ಹಬ್ಬದ ಡಾಲ್ಬಿ, ಕಬ್ಬಿನ ಸೀಸನ್ನಿನಲ್ಲಿ ಹಾಡು ಹಚ್ಚಿಕೊಂಡು ಸಾಲಾಗಿ ಹೋಗುವ ಟ್ರ್ಯಾಕ್ಟರು! ಹೆದರಿದ ತಾಯಿ ಆಗಷ್ಟೇ ಹುಟ್ಟಿದ ಮರಿಗಳನ್ನು ತಿಂದುಬಿಡುತ್ತದೆ. ರಸ್ತೆಯ ಕಡೆಗಿನ ಗೋಡೆಗೆ ಬಾಣಂತಿ ಕೇಜುಗಳನ್ನು ಇಡಬೇಡಿ.

ಪರೀಕ್ಷೆ ಶುರುವಾಗುವುದು ಮರಿಗೆ 6ರಿಂದ 8 ವಾರ ತುಂಬಿದಾಗ. ಇಲಿಯ ನಡವಳಿಕೆ, ಚಲನೆಗಳನ್ನು ಹಂತಹಂತವಾಗಿ ನೋಡಲೆಂದು 1997ರಲ್ಲಿ ಪ್ರಕಟವಾದ ಶಿರ್ಪಾ ಕ್ರಮವನ್ನೇ ಚೂರು ಮೊಟಕು ಮಾಡಿ ಬಳಸುತ್ತೇವೆ. ಗಾಜಿನ ಜಾಡಿಯಲ್ಲಿ ಐದು ನಿಮಿಷ ಬಿಟ್ಟು ಉಸಿರು, ನಡುಕ, ಕೂರುವ ಭಂಗಿ ನೋಡುತ್ತೇವೆ. ಅಲ್ಲಿಂದ ತಟ್ಟೆಗೆ ಸುರಿದು ನಡಿಗೆ, ಬಾಲದ ಎತ್ತರ. 20 ಕಿಲೋಹರ್ಟ್ಸ್ ಸದ್ದಿನ ಡಬ್ಬಿಯನ್ನು ಟಕ್ ಎನಿಸಿದರೆ ಕಿವಿ ಹಿಂದಕ್ಕೆ ಮಡಚುತ್ತದೆಯೇ, ಬೆನ್ನ ಮೇಲೆ ಮಲಗಿಸಿದರೆ ತಿರುಗಿ ಏಳುತ್ತದೆಯೇ, ಬಾಲ ಹಿಡಿದು ಎತ್ತಿದರೆ ಹಿಂಗಾಲು ಅಗಲಿಸುತ್ತದೆಯೋ ಮುರುಟುತ್ತದೆಯೋ. ಕಡೆಗೆ ಹಿಡಿತದ ಬಲ, ಆಮೇಲೆ ಐದು ನಿಮಿಷದಲ್ಲಿ ವೇಗ ನಿಮಿಷಕ್ಕೆ 4ರಿಂದ 40 ಸುತ್ತಿಗೆ ಏರುವ ರೋಟಾರಾಡ್, ಅಂದರೆ ಇಲಿ ಬೀಳದೆ ನಡೆಯಬೇಕಾದ ತಿರುಗುವ ಕೋಲು. ಒಂದೇ ಹೊತ್ತು, ಒಬ್ಬರೇ ಕೈ, ಯಾವ ವಂಶಾವಳಿ ಎಂಬುದು ಆ ಕೈಗೆ ಗೊತ್ತಿರಬಾರದು. ಹಾಗಿದ್ದೂ ಮೊದಲು ಹಿಡಿಯುವವರು ದಿನವೂ ಕೇಜು ಬದಲಿಸುವವರೇ. “ಸರ್, ಇದು ಮುಂಜಾನಿಂದ ಗಿರಗಿರ ತಿರಗಾಕತ್ತೈತ್ರೀ” ಎಂದು ಅವರು ಕರೆದರೆ ಪಟ್ಟಿ ಬದಿಗಿಟ್ಟು ಹೋಗಿ ನೋಡುತ್ತೇವೆ. ಗಿರಕಿ ಹೊಡೆಯುವ ಇಲಿಯಲ್ಲಿ ಕೆಟ್ಟಿರುವುದು ಹೆಚ್ಚಾಗಿ ಮಿದುಳಲ್ಲ, ಒಳಗಿವಿಯ ಸಮತೋಲದ ಅಂಗ.

ಈ ಕೆಲಸದಲ್ಲಿ ವರ್ಷಗಳು ಪೋಲಾಗುವುದು ಸುಳ್ಳು ಮ್ಯುಟಂಟುಗಳ ಹಿಂದೆ. ಮೀಸೆ ಇಲ್ಲದ ಇಲಿ ಕಂಡರೆ ಅದರ ಕೇಜಿನಲ್ಲಿ ಮೀಸೆ ಇರುವ ಒಂದೇ ಇಲಿಯನ್ನು ಹುಡುಕಿ, ಉಳಿದವರದನ್ನೆಲ್ಲ ಕಡಿದಿರುವುದು ಅದು. ಮೀಸೆ ಇಲ್ಲದ್ದು ಸ್ಪರ್ಶದ ಪರೀಕ್ಷೆಯಲ್ಲಿ ಸೋಲುವುದು ಸಹಜ. ಒಂದು ಕಣ್ಣು ಸಣ್ಣದಿರುವುದು, ತಲೆ ಉಬ್ಬಿ ನೀರು ತುಂಬುವುದು ಸಿ57ಬಿಎಲ್/6ರಲ್ಲಿ ಇಎನ್‌ಯು ಹಾಕದೆಯೂ ಬರುತ್ತವೆ. ಅದೇ ತಳಿ ವಯಸ್ಸಾದಂತೆ ಕಿವುಡಾಗುತ್ತದೆ, ಆರು ತಿಂಗಳ ಇಲಿಗೆ ಸದ್ದಿನ ಡಬ್ಬಿ ಹಿಡಿದು ಹೊಸ ಕಿವುಡು ಜೀನ್ ಸಿಕ್ಕಿತೆನ್ನಬೇಡಿ. ಒಣಕಲಾಗಿ ಬೆನ್ನು ಗೂನಾದರೆ ಮೊದಲು ಹಲ್ಲು ನೋಡಿ, ಮೇಲಿನದು ಕೆಳಗಿನದು ಕೂಡದೆ ಬೆಳೆದಿದ್ದರೆ ಮೇವು ತಿನ್ನಲಾಗುವುದಿಲ್ಲ. ಅದು ಸರಿಯಿದ್ದರೆ ನೀರಿನ ಬಾಟಲಿಯ ನಳಿಗೆ ನೋಡಿ. ಗಡಸು ನೀರಿನ ಸುಣ್ಣ ಕಟ್ಟಿ ಗುಂಡು ಅಲುಗದಿದ್ದರೆ ಇಡೀ ಕೇಜು ಎರಡು ದಿನದಲ್ಲಿ ‘ನರರೋಗಿ’ಯಾಗುತ್ತದೆ. “ನೀರ ಇಳದಿಲ್ರೀ” ಎಂಬ ಮಾತಿಗೆ ನಮ್ಮಲ್ಲಿ ರೋಟಾರಾಡ್ ಅಂಕಿಗಿಂತ ಹೆಚ್ಚು ಬೆಲೆ. ಈಗ ಬಾಟಲಿಗೆ ಆರ್‌ಒ ನೀರು ಮಾತ್ರ, ನಳಿಗೆಗಳಿಗೆ ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲದ ಸ್ನಾನ.

ಚಕ್ರದ ಪರೀಕ್ಷೆಗೆ ಒಂದೊಂದು ಇಲಿಗೆ ಒಂದೊಂದು ಕೇಜು. ಎರಡು ವಾರ 12 ಗಂಟೆ ಬೆಳಕು, 12 ಗಂಟೆ ಕತ್ತಲು, ಆಮೇಲೆ ಮೂರು ವಾರ ಪೂರ್ತಿ ಕತ್ತಲು. ಮೇವು ಹಾಕುವುದು ಮಂದ ಕೆಂಪು ದೀಪದಲ್ಲಿ, ಅದೂ ದಿನವೂ ಬೇರೆ ಬೇರೆ ಹೊತ್ತಿಗೆ. ದಿನವೂ ಬೆಳಿಗ್ಗೆ ಒಂಬತ್ತಕ್ಕೇ ಬಾಗಿಲು ತೆಗೆದರೆ ಇಲಿ ಅದನ್ನೇ ಗಡಿಯಾರ ಮಾಡಿಕೊಳ್ಳುತ್ತದೆ. ದಿಂಡಿನ ಪುಡಿ ಸಿಕ್ಕಿ ಚಕ್ರ ನಿಂತರೆ ‘ಲಯ ಕಳೆದುಕೊಂಡ ಇಲಿ’ ಸಿಗುತ್ತದೆ. ಅದಕ್ಕೆ ಈ ಕೇಜುಗಳಿಗೆ ಹಾಸಿಗೆ ತೆಳುವಾಗಿ. ಬಾಗಿಲಿನ ಸಂದಿಯಿಂದ ಬರುವ ಬೆಳಕನ್ನು ನಂಬಬೇಡಿ, ಒಳಗೆ ಹತ್ತು ನಿಮಿಷ ಕೂತು ಕಣ್ಣು ಹೊಂದಿದ ಮೇಲೆ ನೋಡಿದರೆ ಎಲ್ಲಿ ಕಪ್ಪು ಟೇಪು ಬೇಕೆಂದು ತಿಳಿಯುತ್ತದೆ.

ಸರಾಸರಿಯಿಂದ ಮೂರು ಮಾನಕ ವಿಚಲನೆ (ಅಂಕಿಗಳ ಹರವಿನ ಅಳತೆ) ದೂರ ಬಿದ್ದ ಇಲಿಯನ್ನು ಎರಡು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತೇವೆ. ಸಾವಿರ ಇಲಿಗೆ ಇಪ್ಪತ್ತು ಅಳತೆ ತೆಗೆದರೆ ಬರಿಯ ಆಕಸ್ಮಿಕವಾಗಿಯೇ ಹತ್ತಾರು ಅಂಕಿಗಳು ಆ ಗೆರೆ ದಾಟುತ್ತವೆ. ಎರಡನೇ ಸಲವೂ ನಿಂತದ್ದಕ್ಕೆ ಮಾತ್ರ ಸಂಗಾತಿ. ಪ್ರಬಲ ಗುಣವಾದರೆ ಅರ್ಧ ಮರಿಗಳಲ್ಲಿ ಕಾಣಬೇಕು. 10 ಮರಿ ಹುಟ್ಟಿ ಒಂದರಲ್ಲೂ ಇಲ್ಲವೆಂದರೆ, ಗುಣ ನಿಜವಾಗಿದ್ದೂ ಹೀಗಾಗುವ ಸಂಭವ 1,024ಕ್ಕೆ ಒಂದು. ಅಲ್ಲಿಗೆ ಆ ವಂಶಾವಳಿಯ ಆಸೆ ಬಿಟ್ಟು ಕೇಜು ಖಾಲಿ ಮಾಡುತ್ತೇವೆ. ಬಿಡಲು ಮನಸ್ಸು ಬಾರದೆ ಇಟ್ಟುಕೊಂಡ ವಂಶಾವಳಿಗಳೇ ಕೋಣೆಯ ಜಾಗ ನುಂಗುವುದು.

ಗುಣ ಮರಿಗಳಿಗೂ ಹರಿದು ಬಂದರೆ ಜೀನ್ ಹುಡುಕಾಟ. ಹಳೆಯ ದಾರಿಯಲ್ಲಿ ಬೇರೆ ತಳಿಗೆ ಕೂಡಿಸಿ, ಮೊಮ್ಮಕ್ಕಳಲ್ಲಿ ಯಾವ ಕ್ರೋಮೋಸೋಮಿನ ತುಂಡು ಗುಣದ ಜತೆ ಬಿಡದೆ ಬರುತ್ತದೆ ಎಂದು ನೋಡುವುದು. ಆ ಇನ್ನೊಂದು ತಳಿಯನ್ನು ಆರಿಸುವಾಗ ಎಚ್ಚರ. ಸಿ3ಎಚ್ ಇಲಿಗಳಲ್ಲಿ ಹೆಚ್ಚಿನವು ಕುರುಡಾಗುತ್ತವೆ, ಅವನ್ನು ಬೆರೆಸಿ ಕಣ್ಣಿನ ಮೇಲೆ ನಿಂತ ಯಾವ ಪರೀಕ್ಷೆಯನ್ನೂ ಮಾಡುವಂತಿಲ್ಲ. ಡಿಬಿಎ/2 ಮರಿಗಳು ಮೂರು ವಾರದ ಹೊತ್ತಿಗೆ ಜೋರು ಸದ್ದಿಗೇ ಫಿಟ್ಸ್ ಬಂದು ಬೀಳುತ್ತವೆ. ಈಗ ಹೆಚ್ಚಾಗಿ ಪೀಡಿತ ಇಲಿಗಳ ಎಕ್ಸೋಮ್ (ಪ್ರೊಟೀನ್ ಬರೆಯುವ ಭಾಗಗಳು) ಅಕ್ಷರಅಕ್ಷರವಾಗಿ ಓದಿಸುತ್ತೇವೆ, ಡಿಎನ್‌ಎ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತದೆ. ಪಟ್ಟಿಯಲ್ಲಿ ಹತ್ತಿರ ಹತ್ತಿರವೇ ಎರಡು ಬದಲಾವಣೆ ಕಂಡರೆ ಒಂದನ್ನು ಊಹೆಯಿಂದ ಆರಿಸುವ ಹಾಗಿಲ್ಲ. ಅದೇ ಅಕ್ಷರವನ್ನು, ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ತಿದ್ದುವ ವಿಧಾನವಾದ ಕ್ರಿಸ್ಪರ್‌ನಿಂದ ಹೊಸ ಇಲಿಯಲ್ಲಿ ಕೆಡಿಸಿ ಅದೇ ಗುಣ ಕಾಣಬೇಕು, ಇಲ್ಲವೇ ಸರಿಯಾದ ಜೀನ್ ಸೇರಿಸಿದಾಗ ಗುಣ ಮಾಯವಾಗಬೇಕು. 1997ರಲ್ಲಿ ಕ್ಲಾಕ್ ಜೀನನ್ನು ಖಾತ್ರಿ ಮಾಡಿದ್ದು ಈ ಎರಡನೆಯ ರೀತಿಯಲ್ಲೇ, ಉದ್ದನೆಯ ಡಿಎನ್‌ಎ ತುಂಡೊಂದನ್ನು ಸೇರಿಸಿ.

ಅಷ್ಟರಲ್ಲಿ ಇಲಿ ಮುದಿಯಾಗಿರುತ್ತದೆ. ಗುಣ ಹರಿಯುತ್ತದೆ ಎಂದು ಗೊತ್ತಾದ ವಾರವೇ ಎರಡು ಗಂಡಿನ ವೀರ್ಯ ಹೆಪ್ಪುಗಟ್ಟಿಸಿ ಇಡುತ್ತೇವೆ: 18 ಶೇಕಡಾ ರಾಫಿನೋಸ್ ಎಂಬ ಸಕ್ಕರೆ, 3 ಶೇಕಡಾ ಕೆನೆ ತೆಗೆದ ಹಾಲಿನ ಪುಡಿ. ಸಿ57ಬಿಎಲ್/6ರ ವೀರ್ಯ ಹೀಗಿಟ್ಟರೆ ಬಹಳ ಸಾಯುತ್ತದೆ, ಅದಕ್ಕೆ ಮೋನೋಥಯೋಗ್ಲಿಸರಾಲ್ ಒಂದಿಷ್ಟು ಬೆರೆಸಬೇಕು. ದನಗಳ ಕೃತಕ ಗರ್ಭಧಾರಣೆಗೆಂದು ದ್ರವ ಸಾರಜನಕ ಜಿಲ್ಲೆಯಲ್ಲಿ ಓಡಾಡುತ್ತಲೇ ಇರುತ್ತದೆ, ತುಂಬಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಏಪ್ರಿಲ್ ಬಂದರೆ ವಾರಕ್ಕೊಂದರ ಬದಲು ಎರಡು ಸಲ ಕೋಲು ಇಳಿಸಿ ಮಟ್ಟ ನೋಡುತ್ತೇವೆ.